ಅಂಜುದೀವದ ಗುಡಿಯನ್ನು ಕೆಡವಿದವರು ಯಾರು? ಒಂದು ದಿನಚರಿಯ ಸಾಕ್ಷ್ಯ

ಕಾರವಾರದ ಬಿಣಗಾ ಕಡಲಿನಾಚೆಯ ಅಂಜುದೀವ ದ್ವೀಪದ ಗುಡಿಯನ್ನು ಪೋರ್ಚುಗೀಸರಿಗಿಂತ ಮೊದಲೇ ಮುಸ್ಲಿಮರು ಕೆಡವಿದ್ದರು ಎಂಬ ಮಾತು ಸ್ಥಳಚರಿತ್ರೆಯ ಬರಹಗಳಲ್ಲಿ ನಿರ್ವಿವಾದ ಸಂಗತಿಯಂತೆ ಓಡಾಡುತ್ತಿದೆ. ಇದರ ಮೂಲ ವಾಸ್ಕೋ ಡ ಗಾಮನ ಮೊದಲ ಯಾನದ ದಿನಚರಿ. 1838ರಲ್ಲಿ ಪೋರ್ಟೊದಲ್ಲಿ ಅಚ್ಚಾದ, 1898ರಲ್ಲಿ ರಾವೆನ್‌ಸ್ಟೈನ್ ಇಂಗ್ಲಿಷಿಗೆ ತಂದ ಗ್ರಂಥವದು. (ಬರೆದವನು ಆಲ್ವರೊ ವೆಲ್ಯೊ ಎಂಬುದು ಊಹೆ. ನಮ್ಮಲ್ಲಿ ಆ ಹೆಸರನ್ನು ಸಹಿ ಕಂಡವರ ಹಾಗೆ ಬಳಸುತ್ತಾರೆ.)

1498ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 5ರವರೆಗೆ ಹಡಗುಗಳು ಇಲ್ಲಿ ತಂಗಿದ್ದವು. ದಿನಚರಿ ಹೇಳುವುದಿಷ್ಟು: ದ್ವೀಪದಲ್ಲಿ ದೊಡ್ಡ ಕಲ್ಲಿನ ಇಗರ್ಜಿಯೊಂದಿತ್ತು, ಮೂರರು, ಅಂದರೆ ಮುಸ್ಲಿಮರು, ಅದನ್ನು ನಾಶಮಾಡಿದ್ದರು, ಹುಲ್ಲು ಹೊದಿಸಿದ ಒಂದು ಭಾಗ ಮಾತ್ರ ಉಳಿದಿತ್ತು, ಒಳಗೆ ಮೂರು ಕರಿಕಲ್ಲುಗಳಿಗೆ ಪೂಜೆ ನಡೆಯುತ್ತಿತ್ತು, ಪಕ್ಕದಲ್ಲೇ ಕೆತ್ತಿದ ಕಲ್ಲಿನ ಕೆರೆಯಿತ್ತು.

ನಮ್ಮ ಪೂರ್ವಸೂರಿಗಳು ಇಲ್ಲಿ ಒಂದು ಕೈಚಳಕ ತೋರುತ್ತಾರೆ. ಇಗರ್ಜಿ ಎಂದದ್ದನ್ನು ದೇವಾಲಯ ಎಂದು ತಿದ್ದುತ್ತಾರೆ. ಅದು ಸರಿ. ಗಾಮನ ಜನವೇ ಕಲ್ಲಿಕೋಟೆಯಲ್ಲಿ ನಾಲ್ಕೈದು ಕೈಗಳ ಚಿತ್ರಗಳನ್ನು ಸಂತರೆಂದು ಬಗೆದು ಗುಡಿಯಲ್ಲಿ ಪ್ರಾರ್ಥನೆ ಸಲ್ಲಿಸಿ ಬಂದಿತ್ತು. ಆದರೆ ಅದೇ ವಾಕ್ಯದ ಉಳಿದರ್ಧ, ಅಂದರೆ ಕೆಡವಿದವರು ಯಾರೆಂಬುದು, ತಿದ್ದುಪಡಿಯಿಲ್ಲದೆ ಇತಿಹಾಸವಾಗಿಬಿಡುತ್ತದೆ. ಸಾಕ್ಷಿಯ ಕಣ್ಣನ್ನೇ ನಂಬದವರು ಅವನ ಕಿವಿಯನ್ನು ನಂಬುವುದು ಹೇಗೆ?

ಕಿವಿಯ ಪ್ರಶ್ನೆ ಸಣ್ಣದಲ್ಲ. ಊರವರೇ ಹೀಗೆಂದರು ಎನ್ನುತ್ತದೆ ದಿನಚರಿ. ಯಾವ ಭಾಷೆಯಲ್ಲಿ, ಯಾರ ಬಾಯಿಂದ ಎಂಬುದನ್ನು ಹೇಳುವುದಿಲ್ಲ. ಗಾಮನ ದುಭಾಷಿ ಫೆರ್ನಾಂವ್ ಮಾರ್ಟಿನ್ಸ್‌ಗೆ ಬರುತ್ತಿದ್ದುದು ಅರಬ್ಬಿ. ಈ ಕರಾವಳಿಯ ಮಾತು ಕೊಂಕಣಿ, ಕನ್ನಡ. ಮೇಲಾಗಿ ಕಲ್ಲಿಕೋಟೆಯ ವ್ಯವಹಾರ ಕೆಟ್ಟದ್ದಕ್ಕೆ ಮುಸ್ಲಿಂ ವರ್ತಕರೇ ಕಾರಣ ಎಂಬ ಸಿಟ್ಟು ಹಡಗಿನ ತುಂಬ ಇತ್ತು. ಹಿಂದೂಗಳನ್ನು ಕ್ರೈಸ್ತರೆಂದೇ ತಿಳಿದವರಿಗೆ ಪಾಳುಬಿದ್ದ 'ಇಗರ್ಜಿ' ಕಂಡಾಗ ಅಪರಾಧಿಯನ್ನು ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ಇದಕ್ಕಿಂತ ಹಳೆಯ ಸಾಕ್ಷ್ಯವೊಂದಿದೆ. ಅದನ್ನು ಈ ಚರ್ಚೆಗೆ ಎಳೆದು ತರುವವರು ಕಡಿಮೆ. 14ನೇ ಶತಮಾನದ ನಡುವಿನಲ್ಲಿ ಸಂದಾಪುರದಿಂದ, ಅಂದರೆ ಗೋವೆಯಿಂದ, ಹೊನ್ನಾವರದತ್ತ ಹೊರಟ ಅರಬ್ಬಿ ಪ್ರವಾಸಿ ಇಬ್ನ್ ಬತೂತ ದಾರಿಯಲ್ಲಿ ಪುಟ್ಟ ದ್ವೀಪವೊಂದಕ್ಕೆ ಇಳಿದ. ಅಲ್ಲಿ ಗುಡಿ, ತೋಟ, ನೀರಿನ ಕೊಳ ಕಂಡ. ಎರಡು ವಿಗ್ರಹಗಳ ನಡುವೆ ಗೋಡೆಗೊರಗಿ ಕುಳಿತ ಜೋಗಿಯನ್ನೂ ಕಂಡ. ವಿದ್ವಾಂಸರು ಇದನ್ನು ಅಂಜುದೀವವೆಂದು ಗುರುತಿಸಿದ್ದಾರೆ; ಗುಡಿಯೂ ಕೊಳವೂ ಜೊತೆಗಿರುವುದರಿಂದ ನನಗೂ ಅದು ಒಪ್ಪಿಗೆ. ಆಗ ನಿಂತಿದ್ದ ಗುಡಿ 1498ಕ್ಕೆ ಪಾಳಾಗಿತ್ತು ಎಂಬಷ್ಟೇ ಇದರಿಂದ ಸಿದ್ಧವಾಗುತ್ತದೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನನು ಸಂದಾಪುರದ ಮೇಲೆ ದಂಡೆತ್ತಿ ಹೋದದ್ದು ನಿಜ, ಇಬ್ನ್ ಬತೂತನೇ ಆ ದಂಡಿನಲ್ಲಿದ್ದ. ಅದನ್ನು ತಂದು ಇಲ್ಲಿ ಜೋಡಿಸುವವರು ದ್ವೀಪದ ಹೆಸರಿರುವ ಒಂದು ಸಾಲನ್ನಾದರೂ ತೋರಿಸಬೇಕು. ಬಿರುಗಾಳಿ, ಕಡಲುಗಳ್ಳರು, ಆರೈಕೆಯಿಲ್ಲದ ದಶಕಗಳು, ಇವನ್ನು ತಳ್ಳಿಹಾಕುವ ಆಧಾರವೂ ಯಾರ ಬಳಿಯೂ ಇಲ್ಲ. ಮುಸ್ಲಿಮರು ಕೆಡವಿರಲಾರರು ಎಂಬುದು ನನ್ನ ವಾದವಲ್ಲ, ಆರೋಪಕ್ಕೆ ಸಾಕ್ಷಿ ಸಾಲದು ಎಂಬುದಷ್ಟೇ. (ಮೂರು ಕರಿಕಲ್ಲುಗಳನ್ನು ತ್ರಿಮೂರ್ತಿಗಳೆಂದು ಸಾರುವವರ ಜೊತೆ ವಾದಕ್ಕೆ ನಿಲ್ಲುವ ತಾಳ್ಮೆ ನನಗಿಲ್ಲ.)

ಈ ಗದ್ದಲದಲ್ಲಿ ಮುಖ್ಯ ಸಂಗತಿಯೇ ಮರೆಯಾಗಿದೆ. ಕಟ್ಟಡ ಬಿದ್ದಿತ್ತು, ಪೂಜೆ ನಿಂತಿರಲಿಲ್ಲ. ಹುಲ್ಲಿನ ಹೊದಿಕೆ ಈ ಮಳೆಗೆ ಹೆಚ್ಚು ಕಾಲ ತಾಳುವುದಿಲ್ಲ. ಯಾರೋ ಮತ್ತೆ ಮತ್ತೆ ಹೊದಿಸುತ್ತಿದ್ದರು. ಅಂಕೋಲೆಯ ದೇವಿ ಆರ್ಯಾದುರ್ಗೆ ಅಂಜುದೀವದಿಂದ ಬಂದವಳೆಂಬ ಪ್ರತೀತಿಯನ್ನು ಕಟ್ಟುಕಥೆಯೆಂದು ಬದಿಗೆ ಸರಿಸುವ ಮುನ್ನ ಇದನ್ನು ಗಮನಿಸಬೇಕಿತ್ತು. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ದ್ವೀಪದಲ್ಲಿ ಕೋಟೆ ಕಟ್ಟಿಸಿದ, ಅದು ಬೇಗನೆ ಕೈಬಿಟ್ಟುಹೋಯಿತು. 1682ರಲ್ಲಿ ಪೋರ್ಚುಗೀಸರು ಮತ್ತೆ ಕಟ್ಟಿದರು. ಗುಡಿಯ ಕಲ್ಲುಗಳು ಯಾವ ಗೋಡೆಗೆ ಸೇರಿದವೆಂದು ದಿನಚರಿಗಳಿಂದ ತಿಳಿಯದು, ನೆಲದಿಂದ ತಿಳಿಯಬಹುದು.

ಆಡಳಿತದಲ್ಲಿ ಗೋವೆಗೆ ಸೇರಿದ ಈ ದ್ವೀಪ ಇಂದು ನೌಕಾಪಡೆಯ ವಶದಲ್ಲಿದೆ. ಕೋಟೆಯ ಗೋಡೆ ಮತ್ತು ಕೆರೆಗಳ ಸರ್ವೇಕ್ಷಣೆಗೆ ಪುರಾತತ್ತ್ವ ಇಲಾಖೆ ನೌಕಾಪಡೆಯ ಅನುಮತಿ ಕೇಳಬೇಕು. ಅಲ್ಲಿಯವರೆಗೆ ಸ್ಥಳಚರಿತ್ರೆ ಬರೆಯುವವರು 'ಕೆಡವಿದವರು ಯಾರೆಂದು ಸಿದ್ಧವಾಗಿಲ್ಲ' ಎಂದೇ ದಾಖಲಿಸಲಿ.