ಇಳಿಯಬೇಕಿದ್ದ ವಿಮಾನ ಮತ್ತೆ ಮೇಲೇರಿದರೆ ಹೆದರಬೇಕೆ?

ಮುರ್ಮುಗಾಂವ್ ಬಂದರಿನ ಸಮೀಪದ ದಾಬೋಲಿಂ ವಿಮಾನ ನಿಲ್ದಾಣ ಕಾರವಾರ, ಜೋಯಿಡಾ ಕಡೆಯವರಿಗೆ ಹೊಸದೇನಲ್ಲ. 1955ರಲ್ಲಿ ಪೋರ್ಚುಗೀಸರು ಕಟ್ಟಿದ ಈ ನಿಲ್ದಾಣ ಇಂದು ನೌಕಾಪಡೆಯ ನೆಲೆಯೂ ಹೌದು. ಮಳೆಗಾಲದಲ್ಲಿ ಇಲ್ಲಿಗೆ ಬರುವವರಿಗೆ ಒಮ್ಮೊಮ್ಮೆ ಎದೆ ನಡುಗಿಸುವ ಅನುಭವವಾಗುವುದುಂಟು. ಚಕ್ರಗಳು ಹೊರಬಂದಿವೆ, ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಎಂಜಿನ್ ಗರ್ಜಿಸಿ ವಿಮಾನ ಮತ್ತೆ ಆಕಾಶಕ್ಕೆ! ಒಳಗಿದ್ದವರಿಗೆ ಮನೆದೇವರ ನೆನಪು.

ಇದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ. ರನ್‌ವೇ ಸರಿಯಾಗಿ ಕಾಣದಿದ್ದರೆ, ಗಾಳಿ ದಿಕ್ಕು ಬದಲಿಸಿದರೆ, ಎತ್ತರ ಅಥವಾ ವೇಗ ಲೆಕ್ಕಕ್ಕಿಂತ ಹೆಚ್ಚಾಗಿದ್ದರೆ ಪೈಲಟ್ ಇಳಿಯುವುದನ್ನು ಕೈಬಿಟ್ಟು ಮತ್ತೊಂದು ಸುತ್ತು ಬರುತ್ತಾನೆ. ಇದು ಅಪಾಯವಲ್ಲ, ಅಪಾಯ ತಪ್ಪಿಸುವ ದಾರಿ. ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗನ್ನು ಕಂಡು ಅದು ಮುಳುಗುತ್ತಿದೆ ಎಂದು ಯಾರಾದರೂ ಕೂಗುತ್ತಾರೆಯೇ?

ಮೇಲೇರದೆ ಹೋದರೆ ಏನಾಗುತ್ತದೆ ಎಂಬುದನ್ನು ಮಂಗಳೂರು ಕಂಡಿದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಲ್ಲಿ ಅತಿ ಎತ್ತರದಿಂದ ಇಳಿಯಲು ಹೊರಟಿತ್ತು. ಸಹ ಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಲು ಮುಂದಾದರು ಎಂದು ತನಿಖಾ ವರದಿ ಹೇಳಿತು. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ಅಂಚು ದಾಟಿ ಕಣಿವೆಗೆ ಬಿದ್ದ ವಿಮಾನದಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ.

ದಾಬೋಲಿಂನಲ್ಲೇ 2016ರ ಡಿಸೆಂಬರ್ 27ರ ಮುಂಜಾನೆ ಮುಂಬಯಿಗೆ ಹೊರಟ ವಿಮಾನವೊಂದು ರನ್‌ವೇಯಿಂದ ಹೊರಕ್ಕೆ ಜಾರಿತು. ಒಳಗಿದ್ದ 161 ಮಂದಿಯೂ ಬದುಕಿದರು. ಹೊರಬರುವ ಗಡಿಬಿಡಿಯಲ್ಲಿ ಕೆಲವರಿಗೆ ಗಾಯಗಳಾದವು. ಆದ್ದರಿಂದ ಗಗನಸಖಿ ಬಾಗಿಲು ತೋರಿಸುವಾಗ ಮೊಬೈಲ್ ನೋಡುತ್ತಾ ಕೂರಬೇಡಿ. ನಿಮ್ಮ ಸೀಟಿನಿಂದ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ. ಇಳಿಯಿರಿ ಎಂದಾಗ ಬ್ಯಾಗು ಅಲ್ಲೇ ಬಿಡಿ. (ನಮ್ಮವರಿಗೆ ಇದೇ ಕಷ್ಟ!)

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತ ಮೇಲೆ ಭಯ ಮತ್ತೆ ಹೆಚ್ಚಿರುವುದು ಸಹಜ. ಆದರೂ ಲೆಕ್ಕ ಬೇರೆಯೇ ಹೇಳುತ್ತದೆ. 2024ರಲ್ಲಿ ಜಗತ್ತಿನಾದ್ಯಂತ ನಡೆದ ಸುಮಾರು 4 ಕೋಟಿ ಹಾರಾಟಗಳಲ್ಲಿ ಸಾವು ಸಂಭವಿಸಿದ ಅಪಘಾತಗಳು ಏಳು. ನಮ್ಮ ದೇಶದ ರಸ್ತೆಗಳಲ್ಲಿ 2022ರೊಂದರಲ್ಲೇ ಸತ್ತವರು 1,68,491 ಮಂದಿ. ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯಲ್ಲಿ ನಿದ್ದೆ ಮಾಡುವವರು ವಿಮಾನದಲ್ಲಿ ಬೆವರುತ್ತಾರೆ.

ಇನ್ನು ಮೋಡದಲ್ಲಿ ಆಗುವ ಕುಲುಕಾಟ. ಹೊಂಡದ ರಸ್ತೆಯಲ್ಲಿ ಬಸ್ಸು ಕುಲುಕಿದಂತೆಯೇ ಅದು. ರೆಕ್ಕೆ ಬಾಗುವುದೂ ಸಹಜ, ಹಾಗೆಯೇ ಕಟ್ಟಿರುತ್ತಾರೆ. ಬೆಲ್ಟ್ ಮಾತ್ರ ಕೂತಷ್ಟು ಹೊತ್ತೂ ಇರಲಿ. ಕುಲುಕಾಟ ಕಡಿಮೆ ಬೇಕೆನ್ನುವವರು ರೆಕ್ಕೆಯ ಹತ್ತಿರದ ಸೀಟು ಕೇಳಿ. ಧೈರ್ಯಕ್ಕೆಂದು ಮದ್ಯ ಕುಡಿದು ಹತ್ತಬೇಡಿ. ಮೊದಲ ಸಲ ಹೊರಟವರು ಹತ್ತುವಾಗಲೇ 'ನನಗೆ ಭಯ' ಎಂದು ಸಿಬ್ಬಂದಿಗೆ ತಿಳಿಸಿ. ಕನ್ನಡ ಬಾರದಿದ್ದರೆ ಕೊಂಕಣಿಯಲ್ಲೋ ಹಿಂದಿಯಲ್ಲೋ ಹೇಳಿದರಾಯಿತು.