ದನದ ಬೇಲಿ, ಮಗುವಿನ ಬೇಲಿ: ಈಜುಕೊಳ ಸುರಕ್ಷತಾ ನಿಯಮಗಳು ಮತ್ತು ಜೇವರ್ಗಿ ಸೀಮೆಯ ಕೃಷಿ ಹೊಂಡ

ಮನೆಯ ಈಜುಕೊಳಕ್ಕೆ ಬೇಲಿ ಹಾಕಿದರೆ ಎಳೆಯ ಮಕ್ಕಳ ಸಾವು ತಗ್ಗುತ್ತದೆ ಎಂಬ ಮಾತಿಗೆ ಈಗ ತಕರಾರಿಲ್ಲ. ಥಾಂಪ್ಸನ್ ಮತ್ತು ರಿವಾರಾ 1998ರ ತಮ್ಮ ಕಾಕ್ರೇನ್ ಸಮೀಕ್ಷೆಯಲ್ಲಿ ಬೇಲಿಯಿರುವ ಕೊಳವನ್ನು ಬೇಲಿಯಿಲ್ಲದ ಕೊಳಕ್ಕೆ ಹೋಲಿಸಿ, ಮುಳುಗುವ ಅಪಾಯದ ಅನುಪಾತವನ್ನು 0.27 ಎಂದು ಕಂಡುಕೊಂಡರು. ಹಿತ್ತಲನ್ನೆಲ್ಲ ಬಳಸುವ ಬೇಲಿಗಿಂತ ಕೊಳವನ್ನಷ್ಟೇ ನಾಲ್ಕೂ ಕಡೆ ಸುತ್ತುವ ಬೇಲಿ ಮೇಲು ಎಂಬುದು ಅವರ ಎರಡನೆಯ ತೀರ್ಮಾನ. ಅಲ್ಲಿ ಅನುಪಾತ 0.17. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1992ರಲ್ಲೇ ಇದಕ್ಕೊಂದು ಕಾಯ್ದೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2014ರ ವರದಿ ನೀರಿಗೆ ತಡೆಗೋಡೆ ಕಟ್ಟುವುದನ್ನು ಮುಖ್ಯ ಕ್ರಮಗಳಲ್ಲಿ ಒಂದಾಗಿ ಎಣಿಸಿತು. ಇಲ್ಲಿಯವರೆಗೆ ಎಲ್ಲರದೂ ಒಂದೇ ದನಿ.

ಈ ತೀರ್ಮಾನವನ್ನು ನಮ್ಮ ನೆಲಕ್ಕೆ ತರುವಾಗ ‘ಬೇಲಿ’ ಎಂದು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬಲ್ಲಿ ನನ್ನ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಜೇವರ್ಗಿ ಸೀಮೆಯ ಇಜೇರಿಯಂಥ ಊರಲ್ಲಿ ಮಗುವಿನ ಕಾಲಳತೆಯಲ್ಲಿರುವ ನೀರು ಈಜುಕೊಳದ್ದಲ್ಲ; ಬಾವಿಯದು, ಕಾಲುವೆಯದು, ತೊಗರಿ ಹೊಲದ ನಡುವಿನ ಕೃಷಿ ಹೊಂಡದ್ದು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಮಳೆಯಾಶ್ರಿತ ಹೊಲಗಳಲ್ಲಿ ಇಂಥ ಹೊಂಡಗಳನ್ನು ತೋಡಿಸಿತು. ಸಾಮಾನ್ಯ ಆಳ 3 ಮೀಟರ್, ಎಂದರೆ ದೊಡ್ಡವರೂ ಮುಳುಗುವಷ್ಟು. ಹೊಂಡದ ಸುತ್ತ ತಂತಿ ಬೇಲಿ ಹಾಕುವುದು ಮುಂದೆ ಯೋಜನೆಯ ಘಟಕವೇ ಆಯಿತು. ಇದು ಸ್ವಾಗತಾರ್ಹ. ಆದರೆ ‘ತಂತಿ ಬೇಲಿ ಇದೆ’ ಎಂಬ ಒಂದು ಸಾಲಿನ ದಾಖಲೆಯನ್ನು ಕಾಕ್ರೇನ್ ಸಮೀಕ್ಷೆಯ ‘ಬೇಲಿ’ಗೆ ಸಮಾನವೆಂದು ಒಪ್ಪಲು ನನಗೆ ಆಗುತ್ತಿಲ್ಲ.

ಕಾರಣಗಳು ಮೂರು. ಮೊದಲನೆಯದು ಸಂದು. ಆಸ್ಟ್ರೇಲಿಯಾದ ಮಾನದಂಡ ಬೇಲಿಯ ಎತ್ತರ ಕನಿಷ್ಠ 1200 ಮಿ.ಮೀ. ಇರಬೇಕು, ಸಂದು 100 ಮಿ.ಮೀ. ಮೀರಬಾರದು ಎನ್ನುತ್ತದೆ, ಚಿಕ್ಕ ಮಗುವಿನ ತಲೆ, ಮೈ ತೂರಬಾರದೆಂಬುದು ಆ ಅಳತೆಯ ತರ್ಕ. ನೆಲದಿಂದ 1500 ಮಿ.ಮೀ. ಎತ್ತರದವರೆಗೆ ನಾಲ್ಕೆಳೆ ಮುಳ್ಳುತಂತಿಯನ್ನು ಸಮಾನ ಅಂತರದಲ್ಲಿ ಎಳೆದರೆ ಪ್ರತಿ ಸಂದೂ 375 ಮಿ.ಮೀ. ಆಗುತ್ತದೆ. ಎತ್ತು ಅಲ್ಲಿ ನಿಲ್ಲುತ್ತದೆ. ಎರಡು ವರ್ಷದ ಮಗು ಕೆಳಗಿನ ಎಳೆಯಡಿ ನುಸುಳುತ್ತದೆ. ತುಸು ದೊಡ್ಡ ಮಗುವಿಗೆ ಅಡ್ಡತಂತಿಗಳೇ ಏಣಿಯ ಮೆಟ್ಟಿಲು.

ಎರಡನೆಯದು ಎತ್ತರವನ್ನು ಎಲ್ಲಿಂದ ಅಳೆಯಬೇಕೆಂಬುದು. ಈಜುಕೊಳದ ಸುತ್ತ ನೆಲ ಸಮತಟ್ಟು. ಹೊಂಡದಿಂದ ತೋಡಿದ ಮಣ್ಣು ದಂಡೆಯ ಮೇಲೆಯೇ ಒಡ್ಡಾಗಿ ಬೀಳುತ್ತದೆ. ಕಂಬಗಳನ್ನು ಒಡ್ಡಿನ ಒಳಬದಿಗೆ ನೆಟ್ಟರೆ, ಹೊರಗಿನ 600 ಮಿ.ಮೀ. ಒಡ್ಡಿನ ಮೇಲೆ ನಿಂತ ಮಗುವಿಗೆ 1200 ಮಿ.ಮೀ. ಬೇಲಿಯಲ್ಲಿ ಉಳಿಯುವುದು ಅರ್ಧ ಮಾತ್ರ. ಅದನ್ನು ದಾಟಿ ಜಾರಿದ ಮೇಲೆ ಮಳೆಗಾಲದ ಎರೆಮಣ್ಣಿನಲ್ಲಿ ಕಾಲೂರಲು ಆಸರೆ ಸಿಗುವುದಿಲ್ಲ. ಆದ್ದರಿಂದ ಎತ್ತರವನ್ನು ಮಗು ನಿಲ್ಲುವ ಹೊರನೆಲದಿಂದಲೇ ಅಳೆಯಬೇಕು.

ಮೂರನೆಯದು ಗೇಟು. ಈಜುಕೊಳದ ಗೇಟು ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳುವಂತಿರಬೇಕೆಂಬ ನಿಯಮ ಸುಮ್ಮನೆ ಬಂದುದಲ್ಲ. ಹೊಂಡದ ಬೇಲಿಯನ್ನು ಪಂಪ್‌ಸೆಟ್ಟಿಗೆ, ಔಷಧ ಸಿಂಪಡಿಸುವ ನೀರಿಗೆ ಮತ್ತೆ ಮತ್ತೆ ತೆರೆಯಬೇಕಾಗುತ್ತದೆ. ತೆರೆದು ಮುಚ್ಚುವ ಕೆಲಸವನ್ನು ದುಡಿದು ದಣಿದವರ ನೆನಪಿಗೆ ಬಿಟ್ಟರೆ ಬೇಲಿಯಿದ್ದೂ ಇಲ್ಲದಂತೆ.

ಕೊಳವೆಬಾವಿಯ ಇತಿಹಾಸವೂ ಈ ವಾದಕ್ಕೆ ಒತ್ತಾಸೆಯಾಗಿದೆ. ಸುಪ್ರೀಂ ಕೋರ್ಟ್ 2010ರಲ್ಲಿ ಕೊಳವೆಬಾವಿ ಕೊರೆಯುವಾಗ ಸುತ್ತ ಮುಳ್ಳುತಂತಿ ಅಥವಾ ಬೇರೆ ತಕ್ಕ ತಡೆ, ಕೊರೆದ ಮೇಲೆ ಮುಚ್ಚಳ, ವಿಫಲವಾದರೆ ತಳದಿಂದ ಮಣ್ಣು ತುಂಬುವುದು ಎಂದೆಲ್ಲ ವಿಧಿಸಿತು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಶ್ರಮದ ನಂತರ ಜೀವಂತ ಹೊರತೆಗೆದರು. ಆ ಕೊಳವೆಬಾವಿ ಇದ್ದುದು ಮಗುವಿನ ಮನೆಯವರದೇ ಜಮೀನಿನಲ್ಲಿ. ಥಾಂಪ್ಸನ್–ರಿವಾರಾ ಹಿತ್ತಲ ಬೇಲಿಯ ಬಗ್ಗೆ ಹೇಳಿದ್ದೂ ಇದನ್ನೇ: ಅಪಾಯಕ್ಕೆ ಸಿಗುವ ಮಗು ಹೊರಗಿಂದ ಬರಬೇಕಿಲ್ಲ, ಅದು ಆಗಲೇ ಒಳಗಿದೆ. ಹೊಲದ ಸುತ್ತ ಬೇಲಿಯಿದ್ದರೆ ಸಾಕೆಂಬ ವಾದ ಇಲ್ಲಿ ಬಿದ್ದುಹೋಗುತ್ತದೆ.

ಹಾಗಾಗಿ ನನ್ನ ನಿಲುವು ಇದು: ಎಳೆಗಳ ಮುಳ್ಳುತಂತಿ ಬೇಲಿಯನ್ನು ಮಕ್ಕಳ ಸುರಕ್ಷತೆಯ ತಡೆಯೆಂದು ದಾಖಲಿಸಬಾರದು. ಈ ಮಾತನ್ನು ಕೆಲವು ಮಿತಿಗಳೊಳಗೆ ಓದಬೇಕು. ಆ ಬೇಲಿ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ದನಕರುಗಳನ್ನು ಅದು ತಡೆಯುತ್ತದೆ, ಕತ್ತಲಲ್ಲಿ ನಡೆಯುವವರಿಗೆ ಎಚ್ಚರ ಕೊಡುತ್ತದೆ. ನಾನು ಆಧರಿಸಿದ ಅಂಕಿಗಳು ಪರದೇಶದ ಮನೆಗೊಳಗಳವು, ಅವೂ ಪ್ರಕರಣ–ಹೋಲಿಕೆ ಅಧ್ಯಯನಗಳಿಂದ ಬಂದವು. ಅವನ್ನು ಹೊಂಡಕ್ಕೆ ಅನ್ವಯಿಸುವುದು ತರ್ಕದಿಂದಲೇ ಹೊರತು ಅಳತೆಯಿಂದಲ್ಲ. ಬೇಸಿಗೆ ರಜೆಯಲ್ಲಿ ಈಜಲೆಂದೇ ಬರುವ ಹುಡುಗರನ್ನು ಯಾವ ಜಾಲರಿಯೂ ಪೂರ್ತಿ ತಡೆಯದು. ಅವರಿಗೆ ಬೇಕಾದುದು ಈಜು ಕಲಿಕೆ, ಮತ್ತು ಹೊಂಡದೊಳಗೆ ಇಳಿಬಿಟ್ಟ ಗಂಟುಹಗ್ಗ.

ಬೇಲಿಯೊಂದರಿಂದಲೇ ಎಲ್ಲ ಆಗದು ಎಂಬ ಬಾಂಗ್ಲಾದೇಶದ ಅನುಭವವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ದೊಡ್ಡವರು ದುಡಿಯುವ ಹೊತ್ತಿಗೆ ನಡೆಯುವ ಹಳ್ಳಿಯ ಶಿಶುಪಾಲನಾ ಕೇಂದ್ರಗಳು ಮುಳುಗಿ ಸಾಯುವುದನ್ನು ಗಣನೀಯವಾಗಿ ತಗ್ಗಿಸಿದವು. ನಮ್ಮ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನು ಈ ದೃಷ್ಟಿಯಿಂದ ಯಾರಾದರೂ ಅಧ್ಯಯನಕ್ಕೆ ಎತ್ತಿಕೊಳ್ಳಬೇಕು. ಜಾಲರಿ ಬೇಲಿಯ ಹೊಂಡಕ್ಕೂ ಮುಳ್ಳುತಂತಿಯ ಹೊಂಡಕ್ಕೂ ಅವಘಡಗಳಲ್ಲಿ ಎಷ್ಟು ಅಂತರ, ತಾನಾಗಿ ಮುಚ್ಚುವ ಗೇಟು ಎರೆಹೊಲದ ಕೆಸರಿನಲ್ಲಿ ಎಷ್ಟು ವರ್ಷ ಬಾಳುತ್ತದೆ, ಸಹಾಯಧನ ಬಂದುಹೋದ ಮೇಲೆ ದುರಸ್ತಿ ಯಾರ ಹೊಣೆ ಎಂಬ ಪ್ರಶ್ನೆಗಳೂ ತೆರೆದೇ ಇವೆ. ಆ ಉತ್ತರಗಳಿಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ. ಬೇಲಿಯ ಹಣ ಬಿಡುಗಡೆಗೆ ಮುನ್ನ ಮೂರನ್ನು ಅಳೆದು ಬರೆಯಲಿ: ನೆಲದಂಚಿನ ಸಂದು, ಹೊರನೆಲದಿಂದ ಎತ್ತರ, ಗೇಟಿನ ಚಿಲಕ.