ಗೇಟು ಆ ಕಡೆ, ಕೈ ಈ ಕಡೆ

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು ಗೆದ್ದಿದ್ದರು. ಅದರ ಬೆನ್ನಲ್ಲೇ ಆಂಧ್ರದ ಮಂತ್ರಿ ನಾರಾ ಲೋಕೇಶ್ ಎಕ್ಸ್‌ನಲ್ಲಿ ಒಂದು ಪೋಸ್ಟ್ ಹಾಕಿದರು. ವಿಮಾನ ಉದ್ಯಮದವರು ನಮ್ಮ ಕಡೆ ಬನ್ನಿ, ಒಳ್ಳೆ ರಿಯಾಯಿತಿ ಕೊಡ್ತೀವಿ, 8,000 ಎಕರೆಗೂ ಹೆಚ್ಚು ಜಾಗ ಸಿದ್ಧವಾಗಿದೆ, ಅದೂ ಬೆಂಗಳೂರಿನ ಹೊರಗೇ ಇದೆ ಅನ್ನೋದು ಅದರ ತಾತ್ಪರ್ಯ.

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ಸಾಯಂಕಾಲವೇ ‘ಕರ್ನಾಟಕದ ಕಥೆ ಮುಗೀತು’ ಅಂತ ಚರ್ಚೆ. ನನಗೆ ಮಾತ್ರ ಆ ಕೊನೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು. ಆಂಧ್ರದ ಜಮೀನು ಮಾರೋದಕ್ಕೂ ಬೆಂಗಳೂರಿನ ಹೆಸರೇ ಬೇಕಾಯ್ತಲ್ಲ! ರಿಯಾಯಿತಿ ಅವರದು, ಜಾಗ ಅವರದು. ಹಾಗಾದ್ರೆ ಬೆಂಗಳೂರಿನಿಂದ ಅವರಿಗೆ ಬೇಕಾಗಿರೋದು ಏನು?

ಉತ್ತರಕ್ಕೆ ಸುಮಾರು ಐವತ್ತು ವರ್ಷ ಹಿಂದೆ, ಇನ್ನೊಂದು ಗಡಿಗೆ ಹೋಗಬೇಕು. ಅತ್ತಿಬೆಲೆ ದಾಟಿದರೆ ಹೊಸೂರು, ತಮಿಳುನಾಡು. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಅಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. ಹೊಸೂರು ಚೆನ್ನೈನಿಂದ ಮುನ್ನೂರು ಕಿಲೋಮೀಟರ್ ದೂರ, ಬೆಂಗಳೂರಿನಿಂದ ನಲವತ್ತು. ಹಿಂದುಳಿದ ಪ್ರದೇಶ ಅನ್ನೋ ಹಣೆಪಟ್ಟಿ ಇದ್ದಿದ್ದರಿಂದ ರಿಯಾಯಿತಿಗಳು ಸಿಗುತ್ತಿದ್ದವು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಬಂತು, ಟಿವಿಎಸ್ ಮೊಪೆಡ್ ಬಂತು. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೋ ಸಂಸ್ಥೆಯೂ ಸೇರಿ ಟೈಟನ್ ಶುರು ಮಾಡಿದರು.

ಆ ಕಾಲದ ತೆರಿಗೆ ರಿಯಾಯಿತಿ ಹೇಗೆ ಕೆಲಸ ಮಾಡ್ತಿತ್ತು ಅಂತ ಸ್ವಲ್ಪ ಹೇಳಬೇಕು. ಜಿಎಸ್‌ಟಿ ಬಂದ ಮೇಲೆ ಕೆಲಸಕ್ಕೆ ಸೇರಿದವರಿಗೆ ಇದು ಗೊತ್ತಿರೋದು ಕಡಿಮೆ. ಆಗ ಮಾರಾಟ ತೆರಿಗೆ ರಾಜ್ಯದ ಕೈಯಲ್ಲಿತ್ತು. ಕಂಪನಿ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುತ್ತೆ, ಆದರೆ ಸರ್ಕಾರಕ್ಕೆ ಕಟ್ಟೋದು ಎಷ್ಟೋ ವರ್ಷ ಆದಮೇಲೆ, ಬಡ್ಡಿ ಇಲ್ಲದೆ. ಕೆಲವು ಕಡೆ ಪೂರ್ತಿ ಮನ್ನಾ. ಅಂದ್ರೆ ಸರ್ಕಾರವೇ ಕಂಪನಿಗೆ ಬಡ್ಡಿರಹಿತ ಸಾಲ ಕೊಟ್ಟ ಹಾಗೆ. ಒಂದು ರಾಜ್ಯ ಐದು ವರ್ಷ ಅಂದರೆ ಪಕ್ಕದವರು ಏಳು ವರ್ಷ ಅನ್ನೋದು. ಹರಾಜು ಕೂಗಿದ ಹಾಗೆ. ಇದು ಅತಿಯಾಗಿ, 1999ರ ನವೆಂಬರ್‌ನಲ್ಲಿ ರಾಜ್ಯಗಳೆಲ್ಲ ದೆಹಲಿಯಲ್ಲಿ ಕೂತು, 2000ದ ಜನವರಿ 1ರಿಂದ ಮಾರಾಟ ತೆರಿಗೆಯ ಹೊಸ ರಿಯಾಯಿತಿ ನಿಲ್ಲಿಸೋಣ, ಕನಿಷ್ಠ ದರ ಎಲ್ಲಾ ಕಡೆ ಒಂದೇ ಇಡೋಣ ಅಂತ ಒಪ್ಪಿಕೊಂಡರು. ಒಪ್ಪಿಕೊಂಡಿದ್ದು ಮಾರಾಟ ತೆರಿಗೆಗೆ ಮಾತ್ರ. ಹರಾಜು ಬೇರೆ ಬೇರೆ ಹೆಸರಲ್ಲಿ ಮುಂದುವರಿಯಿತು.

ಸರಿ, ತೆರಿಗೆ ಉಳಿಯಿತು, ಜಾಗ ಸಿಕ್ಕಿತು. ವಾಚು ಮಾಡೋರು ಯಾರು? ವಾಚಿನ ಬಿಡಿಭಾಗ ಅಂದ್ರೆ ಕೂದಲೆಳೆಯ ಲೆಕ್ಕ. ಟೈಟನ್ ನೋಡಿದ್ದು ಬೆಂಗಳೂರಿನ ಕಡೆಗೆ, ಜಾಲಹಳ್ಳಿಯ ಎಚ್‌ಎಂಟಿ ಕಡೆಗೆ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಿಂದ ವಾಚು ಮಾಡುತ್ತಿದ್ದ ಎಚ್‌ಎಂಟಿಯ ಅನುಭವಿಗಳು ಹೊಸೂರಿಗೆ ಹೋದರು. ಅವರ ಜೊತೆಗೆ ತಮಿಳುನಾಡಿನ ಹಳ್ಳಿ ಶಾಲೆಗಳಿಂದ ಆಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಕಂಪನಿ ಆರಿಸಿ ತಂದು ತರಬೇತಿ ಕೊಟ್ಟಿತು. ಗೇಟು ಹೊಸೂರಿನಲ್ಲಿ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚೋದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಅದರ ಕಸುಬು ಮಾತ್ರ ಗಡಿ ದಾಟಿ ಬದುಕಿಕೊಂಡಿತು.

ಆ ಕಸುಬಾದರೂ ಬೆಂಗಳೂರಿಗೆ ಎಲ್ಲಿಂದ ಬಂತು? ಹವಾದಿಂದ ಬರಲಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟೋಕೆ ಹೊರಟಾಗ ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ತಾನೂ ಷೇರು ಹಾಕಿತು. ಅದೇ ಎಚ್‌ಎಎಲ್. ಆದರೆ ಜಾಗ ಕೊಡೋ ರಾಜರು ಆಗ ಬೇರೆಯವರೂ ಇದ್ದರು. ಇಲ್ಲಿ ಶಿವನಸಮುದ್ರದ ಕರೆಂಟಿತ್ತು, ಟಾಟಾ ವಿಜ್ಞಾನ ಸಂಸ್ಥೆ ಇತ್ತು, 1917ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿತ್ತು. 1942ರಲ್ಲಿ ಆ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವೂ ಬಂತು. ಆಮೇಲೆ ಸಾಲಾಗಿ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1961ರ ಅಪ್ರೆಂಟಿಸ್ ಕಾಯ್ದೆಯಿಂದ ಕಾರ್ಖಾನೆಗಳು ಕಲಿಯೋ ಹುಡುಗರನ್ನು ತಗೊಳ್ಳಲೇಬೇಕಾಯಿತು. ನಮ್ಮ ಕಡೆ ಐಟಿಐ ಅಂದರೆ ಎರಡರ್ಥ. ಒಂದು ಓದೋ ಐಟಿಐ, ಇನ್ನೊಂದು ದೂರವಾಣಿನಗರದ ಟೆಲಿಫೋನ್ ಫ್ಯಾಕ್ಟರಿ. ಮೊದಲನೇದರಲ್ಲಿ ಓದಿ ಎರಡನೇದರಲ್ಲಿ ಸೇರಿದರೆ ಆ ಮನೆಗೆ ಹೆಣ್ಣು ಕೊಡೋಕೆ ಕ್ಯೂ!

ನನ್ನ ಚಿಕ್ಕಪ್ಪ ಹಾಗೆ ಟರ್ನರ್ ಕಲಿತವರು. ಮಗ್ಗದ ಮನೆಯಲ್ಲಿ ಹುಟ್ಟಿದವರು. ದೊಡ್ಡಬಳ್ಳಾಪುರದಲ್ಲಿ ಲಾಳಿ ಸದ್ದು ಕೇಳಿಸದ ಬೀದಿ ಕಡಿಮೆ. ಎಳೆ ಕಿತ್ತುಹೋಗಿದ್ದು ಸದ್ದಿನಲ್ಲೇ ಗೊತ್ತಾಗೋ ಮಂದಿ ನಮ್ಮವರು. ಲೇತ್ ಮುಂದೆ ನಿಂತಾಗ ಆ ಕಿವಿ ಉಪಯೋಗಕ್ಕೆ ಬಂತು ಅಂತ ಚಿಕ್ಕಪ್ಪ ಹೇಳ್ತಿದ್ರು. ಬೆಂಗಳೂರಿನ ಕಾರ್ಖಾನೆಯಲ್ಲಿ ಎಂಟು ವರ್ಷ ಪಳಗಿ ಆಮೇಲೆ ಹೊಸೂರಿಗೆ ಹೋದರು. ಸಂಬಳ ಜಾಸ್ತಿ ಅಂತ. ಅವರ ಕಲಿಕೆಗೆ ಖರ್ಚು ಮಾಡಿದ್ದು ಒಂದು ಸರ್ಕಾರ, ರಿಯಾಯಿತಿ ಕೊಟ್ಟು ಕರೆಸಿಕೊಂಡಿದ್ದು ಇನ್ನೊಂದು.

ತೆರಿಗೆಗೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ನೆಲಮಂಗಲದ ಗೋಡೌನುಗಳನ್ನೇ ನೋಡಿ. ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. 4 ಪರ್ಸೆಂಟ್ ಇದ್ದದ್ದು 2008ರ ಹೊತ್ತಿಗೆ 2ಕ್ಕೆ ಇಳಿಯಿತು. ಮಾರದೆ ತನ್ನದೇ ಗೋಡೌನಿಗೆ ಸಾಗಿಸಿದರೆ ಆ ತೆರಿಗೆ ಇಲ್ಲ. ಹಾಗಾಗಿ ಸೋಪಿನ ಕಂಪನಿಗೂ ರಾಜ್ಯಕ್ಕೊಂದು ಗೋಡೌನು ಬೇಕಾಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ಕಾರಣ ಹೋಯಿತು. ಈಗ ಹೆದ್ದಾರಿ ಎಲ್ಲಿ ಕೂಡುತ್ತೋ ಅಲ್ಲಿ ದೊಡ್ಡ ಗೋಡೌನು. ನೆಲಮಂಗಲಕ್ಕೂ ಹೊಸಕೋಟೆಗೂ ಅದು ಒಲಿಯಿತು. ಸಾಮಾನನ್ನು ಎಲ್ಲಿ ಇಡಬೇಕು ಅನ್ನೋದನ್ನು ತೆರಿಗೆ ಸಲೀಸಾಗಿ ತೀರ್ಮಾನ ಮಾಡುತ್ತೆ. ಎಲ್ಲಿ ತಯಾರಿಸಬೇಕು ಅನ್ನೋದು ಅಷ್ಟು ಸಲೀಸಲ್ಲ.

ಕರ್ನಾಟಕದ 2020–25ರ ಕೈಗಾರಿಕಾ ನೀತಿ ರಾಜ್ಯವನ್ನು ಮೂರು ವಲಯ ಮಾಡಿತ್ತು. ಬೆಂಗಳೂರು ನಗರ, ಗ್ರಾಮಾಂತರ ಎರಡೂ ಮೂರನೇ ವಲಯ, ಅಂದರೆ ಪ್ರೋತ್ಸಾಹ ಎಲ್ಲಕ್ಕಿಂತ ಕಡಿಮೆ. ಕಂಪನಿಗಳು ಕಲಬುರಗಿಗೋ ಕೊಪ್ಪಳಕ್ಕೋ ಹೋಗಲಿ ಅನ್ನೋ ಆಸೆ, ಒಳ್ಳೇದೇ. ಆದರೂ ಅರ್ಜಿ ಹಿಡಿದು ಬಂದವರ ಕಣ್ಣು ದೇವನಹಳ್ಳಿ, ದೊಡ್ಡಬಳ್ಳಾಪುರದ ಮೇಲೆ. ನಮ್ಮೂರಿನಿಂದ ಗೌರಿಬಿದನೂರು, ಹಿಂದೂಪುರ ದಾಟಿ ಹೋದರೆ ಪೆನುಕೊಂಡ. 2017ರಲ್ಲಿ ಆಂಧ್ರ ಸರ್ಕಾರ ಕಿಯಾ ಕಾರ್ ಕಂಪನಿಗೆ ಅಲ್ಲಿ 500ಕ್ಕೂ ಹೆಚ್ಚು ಎಕರೆ ಕೊಟ್ಟು ಕರೆತಂದಿತು, 2019ರಲ್ಲಿ ಕಾರು ಹೊರಬಂತು. ಆಂಧ್ರದಷ್ಟು ದೊಡ್ಡ ರಾಜ್ಯದಲ್ಲಿ ಸಿಕ್ಕ ಜಾಗ ಯಾವುದು? ಬೆಂಗಳೂರು ಹೆದ್ದಾರಿಯ ಮೇಲೆ, ನಮ್ಮ ಗಡಿಯ ಪಕ್ಕ. ಹೊಸೂರಿನ ಕಥೆಯೇ, ದಿಕ್ಕು ಮಾತ್ರ ಬೇರೆ. ರಿಯಾಯಿತಿಯಿಂದ ಗೇಟು ಗಡಿಯ ಆಚೆಗೋ ಈಚೆಗೋ ಸರಿಯುತ್ತೆ, ಈ ವೃತ್ತ ಬಿಟ್ಟು ದೂರ ಹೋಗೋದು ಕಡಿಮೆ.

ಇನ್ನೊಂದು ವಿಷಯ, ಇದನ್ನು ನಮ್ಮ ರಾಜಕಾರಣಿಗಳು ಹೇಳೋದೇ ಇಲ್ಲ. ಹಳೇ ಕಾಲದಲ್ಲಿ ಕಾರ್ಖಾನೆ ಇದ್ದ ರಾಜ್ಯಕ್ಕೆ ಇವತ್ತಲ್ಲ ನಾಳೆ ಮಾರಾಟ ತೆರಿಗೆ ಬರುತ್ತಿತ್ತು. ಜಿಎಸ್‌ಟಿಯಲ್ಲಿ ತೆರಿಗೆ ಹೋಗೋದು ಸಾಮಾನು ಬಳಕೆಯಾಗೋ ರಾಜ್ಯಕ್ಕೆ. ದೇವನಹಳ್ಳಿಯಲ್ಲಿ ಮಾಡಿದ ಫೋನು ಪಟ್ನಾದಲ್ಲಿ ಮಾರಾಟ ಆದರೆ ರಾಜ್ಯದ ಪಾಲು ಬಿಹಾರಕ್ಕೆ. ಅಮೆರಿಕಕ್ಕೆ ಹೋದರೆ ರಫ್ತು, ಅದರ ಮೇಲೆ ಜಿಎಸ್‌ಟಿ ಸೊನ್ನೆ. ಹಾಗಾದರೆ ಜಮೀನು, ನೀರು, ಸಬ್ಸಿಡಿ ಎಲ್ಲ ಕೊಟ್ಟ ಊರಿಗೆ ಉಳಿಯೋದು ಮುಖ್ಯವಾಗಿ ಕೆಲಸ, ಸಂಬಳ, ಕಲಿತ ಕಸುಬು. ಅದೂ ಜೊಳ್ಳಾದರೆ?

ಜೊಳ್ಳಾದರೆ ಏನಾಗುತ್ತೆ ಅಂತ 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ನೋಡಿದ್ದೇವೆ. ಐಫೋನ್ ಮಾಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬರಲಿಲ್ಲ ಅಂತ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ಗಾಡಿ ಸುಟ್ಟರು. ಆಮೇಲೆ ಕಾರ್ಖಾನೆ ಇಲಾಖೆಯ ವರದಿಯಲ್ಲಿ ಬಂದಿದ್ದು: ಸುಮಾರು 5,000 ಇದ್ದ ಕೆಲಸಗಾರರನ್ನು ಸ್ವಲ್ಪ ಕಾಲದಲ್ಲೇ 10,500ಕ್ಕೆ ಏರಿಸಿದ್ದರು, ಹೆಚ್ಚಿನವರು ಗುತ್ತಿಗೆಯವರು, ಹಾಜರಿ ವ್ಯವಸ್ಥೆಯೇ ಸರಿಯಿರಲಿಲ್ಲ. ಕಂಪನಿ ಕ್ಷಮೆ ಕೇಳಿತು, ಆಪಲ್ ಹೊಸ ಕೆಲಸ ಕೊಡೋದು ನಿಲ್ಲಿಸಿತು. 2023ರಲ್ಲಿ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು. ಸಾಫ್ಟ್‌ವೇರಿನವನಾಗಿ ಆ ಹಾಜರಿ ವಿಷಯ ಓದಿ ನನಗೆ ಬೇಜಾರಾಯ್ತು. ಮೈಕ್ರಾನ್ ಲೆಕ್ಕದಲ್ಲಿ ಫೋನ್ ಜೋಡಿಸೋ ಜಾಗದಲ್ಲಿ ಯಾರು ಎಷ್ಟು ಗಂಟೆ ದುಡಿದರು ಅನ್ನೋ ಲೆಕ್ಕ ಸಿಗಲಿಲ್ಲವೇ?

ಇದಕ್ಕೆ ಎದುರಾಗಿ ಬಿಡದಿಯ ಟೊಯೊಟಾ ಇದೆ. 1997ರಲ್ಲಿ ಆ ಕಂಪನಿ ಶುರುವಾದಾಗ ಬಿಡದಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು; ರಾಮನಗರ ಜಿಲ್ಲೆ ಬೇರೆಯಾಗಿದ್ದು 2007ರಲ್ಲಿ. ಅದೇ 2007ರಲ್ಲಿ ಅವರು ಹತ್ತನೇ ಕ್ಲಾಸು ಪಾಸಾದ ಬಡ ಹಳ್ಳಿ ಮಕ್ಕಳಿಗೆ ಮೂರು ವರ್ಷ ಊಟ, ವಸತಿ ಕೊಟ್ಟು ಕಲಿಸೋ ಶಾಲೆ ತೆಗೆದರು. ಟೊಯೊಟಾದಲ್ಲಿ ಗಲಾಟೆ, ಲಾಕೌಟ್ ಆಗಿಲ್ಲ ಅಂತಲ್ಲ. ಆದರೆ ಕಲಿಸೋ ಖರ್ಚನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿತು. ರಿಯಾಯಿತಿ ಕೇಳಿಕೊಂಡು ಬರೋ ಎಷ್ಟು ಕಂಪನಿಗಳಿಗೆ ನಾವು ಈ ಷರತ್ತು ಹಾಕ್ತೀವಿ?

2024ರ ಜುಲೈನಲ್ಲಿ ಸ್ಥಳೀಯರಿಗೆ ಮ್ಯಾನೇಜರ್ ಹುದ್ದೆಯಲ್ಲಿ 50, ಉಳಿದದ್ದರಲ್ಲಿ 70 ಪರ್ಸೆಂಟ್ ಮೀಸಲು ಅನ್ನೋ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮದವರು ಕೂಗಾಡಿದ ಕೂಡಲೇ ತಡೆ ಹಿಡಿಯಿತು. ಆಗಲೂ ಲೋಕೇಶ್ ಅವರ ಆಹ್ವಾನ ಬಂದಿತ್ತು. ಮೀಸಲಾತಿಯ ಪರ್ಸೆಂಟಿನ ಬಗ್ಗೆ ಟಿವಿಯಲ್ಲಿ ವಾರಗಟ್ಟಲೆ ಮಾತಾಯಿತು. ತಾಲ್ಲೂಕಿನ ಐಟಿಐಗಳಲ್ಲಿ ಯಾವ ಮಷಿನ್ ಮೇಲೆ ಕಲಿಸ್ತಿದ್ದಾರೆ ಅಂತ ಯಾರೂ ಕೇಳಲಿಲ್ಲ.

ದೇವನಹಳ್ಳಿ ತಾಲ್ಲೂಕಿನಲ್ಲಿ, ನಮ್ಮೂರಿಂದ ದೂರವೇನಲ್ಲದ ಕಡೆ, ಫಾಕ್ಸ್‌ಕಾನ್‌ಗೆ 300 ಎಕರೆ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ 2023ರಲ್ಲೇ ಕಾರ್ಖಾನೆ ಕಾಯ್ದೆ ತಿದ್ದಿ, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆ ದುಡಿಮೆಗೂ, ಹೆಂಗಸರ ರಾತ್ರಿ ಪಾಳಿಗೂ ದಾರಿ ಮಾಡಿದ್ದರು. ಈಗ ಅಲ್ಲಿ ಐಫೋನ್ ತಯಾರಾಗುತ್ತಿದೆ. ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ವಯಸ್ಸಿನ ಹುಡುಗಿಯರು, ಎಷ್ಟೋ ಜನಕ್ಕೆ ಇದು ಮೊದಲ ಸಂಬಳ. ಅದು ಸಣ್ಣ ವಿಷಯ ಅಲ್ಲ.

ನನ್ನ ಚಿಕ್ಕಪ್ಪನ ಮಗಳು ಡಿಪ್ಲೊಮಾ ಮಾಡಿದ್ದಾಳೆ. ಈ ಸುತ್ತಿನ ಬೇರೊಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಹಬ್ಬಕ್ಕೆ ಊರಿಗೆ ಹೋದಾಗ ಕೇಳಿದೆ, ‘ಏನಮ್ಮಾ ಕಲಿತೆ ಅಲ್ಲಿ?’

‘ಒಂದು ಸ್ಕ್ರೂ ಹಾಕೋದು ಅಣ್ಣ. ದಿನಾ ಅದೇ ಸ್ಕ್ರೂ.’

ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು. ‘ಮೇಲಿನವರು ಯಾರೂ ಬೇರೆ ಮಷಿನ್ ತೋರಿಸಲ್ವಾ?’ ಅಂದರು.

‘ಹನ್ನೊಂದು ತಿಂಗಳಿಗೆ ಕಾಂಟ್ರಾಕ್ಟ್ ಮುಗಿಯುತ್ತಪ್ಪಾ. ಅಷ್ಟಕ್ಕೆ ಯಾಕೆ ತೋರಿಸ್ತಾರೆ?’ ಅಂದಳು ಅವಳು.